ಡಿಟಿಪಿ ಅಂಗಡಿಯವಳ ಎಐ ರಿವ್ಯೂ, ಮಂಗಳೂರಿಂದ

ಎಐ ಆ್ಯಪ್ ರಿವ್ಯೂ ಅಂತ ಹುಡುಕಿದ್ರೆ ಬರುದೆಲ್ಲ ಸಾಫ್ಟ್‌ವೇರ್‌ನವರದ್ದೇ, ಕೋಡ್ ಬರೀತದೆ, ಪಿಪಿಟಿ ಮಾಡ್ತದೆ, ಮೀಟಿಂಗ್ ನೋಟ್ಸ್ ತೆಗೀತದೆ ಅಂತ. ನಮ್ಮಂಥವರಿಗೆ ಅದು ಎಂತಕ್ಕೆ ಮಾರ್ರೆ. ನಂದು ಹಂಪನಕಟ್ಟೆ ಹತ್ರ ಸಣ್ಣ ಡಿಟಿಪಿ ಅಂಗಡಿ, ಜೆರಾಕ್ಸ್ ಲ್ಯಾಮಿನೇಶನ್ ಎಲ್ಲಾ ಉಂಟು, ಮಿನಿ ವಿಧಾನಸೌಧಕ್ಕೆ ಅರ್ಜಿ ಕೊಡ್ಲಿಕ್ಕೆ ಬಂದವರು, ಕೋರ್ಟಿಗೆ ಹೋಗುವವರು, ಗಲ್ಫಿಗೆ ಬಯೋಡೇಟಾ ಕಳಿಸುವ ಹುಡುಗ್ರು, ನೇಮದ (ದೈವದ ಕೋಲದ) ಆಮಂತ್ರಣ ಮಾಡಿಸುವವರು, ಇವರೇ ನನ್ನ ಗಿರಾಕಿಗಳು. ಎಐ ಬಂದ್ರೆ ಮೊದ್ಲು ಹೋಗುದು ಟೈಪಿಂಗ್‌ನವರ ಕೆಲಸ ಅಂತ ಎಲ್ಲರೂ ಹೆದರಿಸ್ತಾ ಇದ್ರು, ಹಾಗಾದ್ರೆ ನೋಡಿಯೇ ಬಿಡುವ ಅಂತ ಅಂಗಡಿ ಕೆಲಸಕ್ಕೇ ಹಾಕಿದೆ. ನಾನು ಉಪಯೋಗಿಸುದರ ಹೆಸರು ಹಾಕುದಿಲ್ಲ, ಹೆಸರಿಗೆ ಬೈದು ನನಗೆ ಎಂತ ಆಗ್ಲಿಕ್ಕುಂಟು.

ಚಾಟ್‌ಜಿಪಿಟಿ 2022ರ ನವೆಂಬರಲ್ಲಿ ಬಂದಾಗ ನಮ್ಮ ಏರಿಯಾದಲ್ಲಿ ಯಾರೂ ತಲೆ ಕೆಡಿಸ್ಲಿಲ್ಲ. ಜೋರಾದದ್ದು 2025ರಲ್ಲಿ, ಏರ್ಟೆಲ್ ಸಿಮ್ ಇದ್ದವರಿಗೆ ಪರ್ಪ್ಲೆಕ್ಸಿಟಿ ಅಂತ ಎಐ ಆ್ಯಪ್ ಒಂದು ವರ್ಷ ಫ್ರೀ, ಜಿಯೋದವರಿಗೆ ಗೂಗಲಿನ ಎಐ ಜೆಮಿನಿ 18 ತಿಂಗಳು ಫ್ರೀ, ಚಾಟ್‌ಜಿಪಿಟಿಯವರ 399 ರೂಪಾಯಿಯ ಗೋ ಪ್ಲಾನ್ ಕೂಡ ನವೆಂಬರಲ್ಲಿ ಒಂದು ವರ್ಷಕ್ಕೆ ಪುಕ್ಸಟ್ಟೆ. ಮತ್ತೆ ಕೇಳ್ಬೇಕಾ. ಈಗ ಕೈಯಲ್ಲಿ ಬರೆದ ಚೀಟಿ ತರುವವರು ಕಮ್ಮಿ, ವಾಟ್ಸಾಪಲ್ಲಿ ರೆಡಿ ಲೆಟರ್ ಕಳಿಸಿ "ಅಕ್ಕ ಇದೊಂದು ಪ್ರಿಂಟ್ ಕೊಡಿ" ಅಷ್ಟೇ.

ಮೊದ್ಲು ಒಳ್ಳೇದು ಹೇಳ್ತೇನೆ. ಇಂಗ್ಲಿಷ್ ಲೆಟರ್ ಭಾರೀ ಲಾಯ್ಕ ಬರೀತದೆ. ಬ್ಯಾಂಕ್ ಮ್ಯಾನೇಜರಿಗೆ, ಇನ್ಶೂರೆನ್ಸಿಗೆ, ಪಿಎಫ್ ಆಫೀಸಿಗೆ, ಕನ್ನಡದಲ್ಲಿ ಬಾಯಲ್ಲಿ ಹೇಳಿದ್ರೂ ಸಾಕು, ರಪಕ್ಕ ಗ್ರಾಮರ್ ಸಮೇತ ಬರ್ತದೆ, ನಾನು ಅಷ್ಟು ಚಂದ ಬರೆಯುದಿಲ್ಲ, ಸತ್ಯ ಹೇಳ್ಬೇಕಲ್ಲ. ತೊಂದರೆ ಎಂತ ಅಂದ್ರೆ ಅಂಗಡಿಯಲ್ಲಿ ನಾಲ್ಕು ಕಾಸು ಸಿಗ್ತಾ ಇದ್ದದ್ದೇ ಆ ಇಂಗ್ಲಿಷ್ ಡ್ರಾಫ್ಟಿಂಗಲ್ಲಿ, ಪ್ರಿಂಟಲ್ಲಿ ಎಂತ ಉಳೀತದೆ, ಟೋನರಿಗೆ ಸರಿ ಆಗ್ತದೆ.

ಬಯೋಡೇಟಾ ಮಾತ್ರ ಕೇಳ್ಬೇಡಿ. ಪಣಂಬೂರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಹುಡುಗ, ದುಬೈಯಲ್ಲೂ ಅದೇ ಕೆಲಸಕ್ಕೆ ಅಪ್ಲೈ ಮಾಡುದು, ಅವನ ರೆಸ್ಯೂಮೆಯಲ್ಲಿ ಸ್ಟ್ರಾಟೆಜಿಕ್ ಲೀಡರ್‌ಶಿಪ್ ಅಂತೆ. ಲೈಸೆನ್ಸ್ ಯಾವುದು, ಎಷ್ಟು ಟನ್ನಿನ ಗಾಡಿ ಓಡಿಸಿದ್ದು, ಅದೊಂದೂ ಇಲ್ಲ! ನಾನು ಆ ಲೀಡರ್‌ಶಿಪ್ ತೆಗೆದು ಟನ್ ಹಾಕಿ ಕೊಟ್ಟೆ.

ಇನ್ನು ಕನ್ನಡ. ಮೊದ್ಲಿಗಿಂತ ಸುಮಾರು ಸುಧಾರಿಸಿದೆ, ಅರ್ಜಿ ಕನ್ನಡ ಅಂತೂ "ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ತಾಲೂಕು ಆಫೀಸಿನವರೇ ಬರೆದ ಹಾಗೆ ಬರ್ತದೆ. ಆದ್ರೆ ಸೀಸನಲ್ಲಿ ಒಂದು ನೇಮದ ಆಮಂತ್ರಣ ಬಂತು, ಒಳಪುಟಕ್ಕೆ ದೇಣಿಗೆ ಕೊಟ್ಟವರ ಪಟ್ಟಿ, ಸಮಿತಿಯವರು ನೋಟ್‌ಬುಕ್ಕಲ್ಲಿ ಬಾಲ್ ಪೆನ್ನಲ್ಲಿ ಬರೆದದ್ದು. ಫೋಟೋ ತೆಗೆದು ಆ್ಯಪಿಗೆ ಹಾಕಿದೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ಪಟ್ಟಿ ಟೈಪ್ ಆಗಿ ಬಂತು, ನಾನು ಮಾಡಿದ್ರೆ ಮಧ್ಯಾಹ್ನ ಆಗ್ತಿತ್ತು. ನೋಟ್‌ಬುಕ್ಕಿನ ಸಾಲು ಲೆಕ್ಕ ಹಾಕಿದ್ರೆ ಒಂದು ಕಮ್ಮಿ. ತಪ್ಪು ಓದಿದ್ದಲ್ಲ, ಒಬ್ಬರ ಹೆಸರೇ ಮಾಯ, ಅದೂ ಕ್ರಮಸಂಖ್ಯೆ ಮಾತ್ರ ಚಂದ ಮಾಡಿ ಜೋಡಿಸಿದೆ, ಹಾಗಾಗಿ ನೋಡಿದವರಿಗೆ ಗೊತ್ತೇ ಆಗುದಿಲ್ಲ. ಎಲ್ಲಾ ಹೆಸರು ಬಂದಿದ್ಯಾ ಕೇಳಿದ್ರೆ "ಹೌದು, ಎಲ್ಲ ಹೆಸರುಗಳನ್ನೂ ಸೇರಿಸಿದ್ದೇನೆ" ಅಂತ. ಮತ್ತೆ ಶೀನಣ್ಣ ಶ್ರೀನಿವಾಸಣ್ಣ ಆಗಿದ್ದಾರೆ, ಒಂದು ಕಡೆ 5,001 ಹೋಗಿ 5,000 ಆಗಿದೆ. ನಮ್ಮೂರಲ್ಲಿ ದೇಣಿಗೆ ಪಟ್ಟಿಯಲ್ಲಿ ಹೆಸರು ಬಿಟ್ಟೋದ್ರೆ ಎಂತ ಆಗ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು, ಮುಂದಿನ ವರ್ಷದ ಮೀಟಿಂಗ್ ವರೆಗೆ ಅದೇ ಮಾತು.

ಇದು ಯಾಕೆ ಹೀಗೆ ಅಂದ್ರೆ ಇದು ಕಂಡದ್ದನ್ನು ಕಂಡ ಹಾಗೆ ಕಾಪಿ ಮಾಡುವ ಮೆಷಿನ್ ಅಲ್ಲ, ಮುಂದೆ ಯಾವ ಅಕ್ಷರ ಬರ್ಲಿಕ್ಕೆ ಚಾನ್ಸ್ ಜಾಸ್ತಿ ಅಂತ ಅಂದಾಜು ಮಾಡ್ತಾ ಹೋಗುದು. ಅದಕ್ಕೆ ಓದಿಸಿದ ರಾಶಿ ಕನ್ನಡದಲ್ಲಿ ಶ್ರೀನಿವಾಸರು ಸಾವಿರ ಜನ, ಶೀನ ಅಪರೂಪ. ಅಕ್ಷರ ಸ್ವಲ್ಪ ಮಸುಕಾದ್ರೆ ಸಾಕು, ಜಾಸ್ತಿ ಇದ್ದವರ ಕಡೆ ವಾಲ್ತದೆ. ಪೂರಾ ಗೊತ್ತಿಲ್ಲದ್ದನ್ನೂ ಅಷ್ಟೇ ಧೈರ್ಯದಲ್ಲಿ ಹೇಳ್ತದೆ ನೋಡಿ, ಅದೇ ಮಂಡೆಬೆಚ್ಚ.

ಮತ್ತೆ ನನ್ನ ಕೆಲಸ ಇನ್ನೂ ಉಳಿದದ್ದಕ್ಕೆ ದೊಡ್ಡ ಕಾರಣ ನನ್ನ ಬುದ್ಧಿ ಅಂತ ಅಂದ್ಕೊಳ್ಬೇಡಿ, ಪೇಜ್‌ಮೇಕರ್, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್! ನಾವು ಕೊಡುವ ಆಫ್‌ಸೆಟ್ ಪ್ರೆಸ್ಸಲ್ಲಿ ಇವತ್ತಿಗೂ ಪೇಜ್‌ಮೇಕರ್ 7, ಅದು 2001ರದ್ದು, ಅದಕ್ಕೆ ಯೂನಿಕೋಡ್, ಅಂದ್ರೆ ಈಗ ಫೋನಲ್ಲಿ ನೆಟ್ಟಲ್ಲಿ ಎಲ್ಲಾ ನಡೆಯುವ ಅಕ್ಷರದ ಪದ್ಧತಿ, ಗೊತ್ತೇ ಇಲ್ಲ. ಎಐ ಕೊಡುದು ಯೂನಿಕೋಡ್. ಅದನ್ನು ನುಡಿ ಅಂತ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿಗೆ ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು ಎಲ್ಲೋ ಹೋಗಿ ಕೂತ್ಕೊಳ್ತದೆ, ಕೆಲವು ಕಡೆ ಅಕ್ಷರದ ಬದ್ಲು ಚೌಕ ಚೌಕ ಬರ್ತದೆ, ಅದನ್ನೆಲ್ಲ ಹೆಕ್ಕಿ ಸರಿ ಮಾಡುವವಳು ನಾನು. ಪ್ರೆಸ್ಸಿನ ಯಜಮಾನರು ನಾಳೆ ಹೊಸ ಸಾಫ್ಟ್‌ವೇರ್ ಹಾಕಿದ್ರೆ ಆ ಕೆಲಸವೂ ಹೋಯ್ತು. ಹಾಕುದಿಲ್ಲ ಅವರು, ಗೊತ್ತುಂಟು ನನಗೆ.

ಆಫೀಸ್ ಕೆಲಸದ ಮಾಹಿತಿ ಕೇಳ್ಲಿಕ್ಕೆ ಹೋಗ್ಬೇಡಿ. ಸಂಧ್ಯಾ ಸುರಕ್ಷಾಕ್ಕೆ ಎಂತೆಲ್ಲ ಕಾಗದ ಬೇಕು ಕೇಳಿದ್ರೆ ಬೇರೆ ರಾಜ್ಯದ ಪಿಂಚಣಿ ನಿಯಮವನ್ನೂ ಬೆರೆಸಿ ಹೇಳಿತು, ಅದಕ್ಕಿಂತ ನಾಡಕಚೇರಿಯ ಕೌಂಟರಲ್ಲಿ ಕೇಳುದು ಬೆಸ್ಟ್. ಅರ್ಜಿ ಬರೆಸ್ಲಿಕ್ಕೆ ಬರುವ ಅಜ್ಜಿಯಂದಿರು ತುಳುವಲ್ಲೇ ಮಾತಾಡುದು. ಗೂಗಲ್ ಟ್ರಾನ್ಸ್‌ಲೇಟಿಗೆ 2024ರಲ್ಲಿ ತುಳು ಸೇರಿದೆ, ಖುಷಿಯೇ, ಆದ್ರೆ ನಾನು ಉಪಯೋಗಿಸುವ ಆ್ಯಪಿನ ವಾಯ್ಸಿಗೆ ತುಳುವಲ್ಲಿ ಹೇಳಿದ್ರೆ ಅರ್ಧ ಹಿಡೀತದೆ, ಅರ್ಧ ಅದರದ್ದೇ ಕಥೆ.

ಕೋರ್ಟಿನ ಕಡೆಯವರಿಗೆ ಒಂದು ಮಾತು. ವಕೀಲರ ಜೂನಿಯರ್‌ಗಳು ಡ್ರಾಫ್ಟ್ ಇದ್ರಲ್ಲೇ ಮಾಡಿಸಿ ತರ್ತಾರೆ, ಮಾಡ್ಲಿ, ಆದ್ರೆ ಸೈಟೇಶನ್, ಅಂದ್ರೆ ಅದ್ರಲ್ಲಿ ಹೆಸರಿಸಿದ ಹಳೇ ತೀರ್ಪು, ಮಾತ್ರ ತೆರೆದು ನೋಡಿ ಆಯ್ತಾ. 2023ರಲ್ಲಿ ನ್ಯೂಯಾರ್ಕಿನಲ್ಲಿ ಎಐ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿದ್ದದ್ದು ಎಲ್ಲಾ ಪೇಪರಲ್ಲಿ ಬಂದಿತ್ತು. ಇಲ್ಲೇ ತಲಪಾಡಿ ದಾಟಿದ್ರೆ ಕೇರಳ, ಅಲ್ಲಿನ ಹೈಕೋರ್ಟ್ 2025ರ ಜುಲೈಯಲ್ಲಿ ಜಿಲ್ಲಾ ಕೋರ್ಟುಗಳಿಗೆ ನಿಯಮವೇ ಮಾಡಿದೆ, ತೀರ್ಪು ಕೊಡ್ಲಿಕ್ಕೆ ಎಐ ಉಪಯೋಗಿಸ್ಬಾರ್ದು ಅಂತ. ಇನ್ನೊಂದು, ಗಿರಾಕಿಯ ಆಧಾರ್, ಪಾಸ್‌ಬುಕ್ ಫೋಟೋ ನಾನು ಆ್ಯಪಿಗೆ ಹಾಕುದಿಲ್ಲ, ಎಷ್ಟು ಅರ್ಜೆಂಟಿದ್ರೂ. ನೀವು ಹಾಕುವವರಾದ್ರೆ ಸೆಟ್ಟಿಂಗಿಗೆ ಹೋಗಿ, ನಮ್ಮ ಚಾಟ್ ತಗೊಂಡು ಎಐಯನ್ನು ಟ್ರೈನ್ ಮಾಡುದನ್ನಾದ್ರೂ ಆಫ್ ಮಾಡಿ.

ಈಗ ಅಸಲು ವಿಷಯ. ಸೀಸನಿಗೆ ಟೈಪಿಂಗಿಗೆ ಅಂತ ಒಂದು ಹುಡುಗಿಯನ್ನು ಇಟ್ಕೊಳ್ತಾ ಇದ್ದೆ, ಪಿಯುಸಿ ಮುಗಿದವರು ಯಾರಾದ್ರೂ, ಈ ವರ್ಷ ಕರೀಲಿಲ್ಲ, ಬೇಕಾಗ್ಲಿಲ್ಲ. ಎಐ ನನ್ನ ಕೆಲಸ ತೆಗೀಲಿಲ್ಲ, ನನ್ನ ಹಿಂದೆ ಬರುವವಳದ್ದು ತೆಗೆದಿದೆ. ನನಗೆ ಒತ್ತಕ್ಷರ ತಪ್ಪಿದ್ದು ಕಣ್ಣಿಗೆ ಬೀಳುದೇ ವರ್ಷಗಟ್ಟಲೆ ಇನ್ನೊಬ್ಬರ ಬರಹ ಟೈಪ್ ಮಾಡಿ ಮಾಡಿ, ಇನ್ನು ಟೈಪಿಂಗೇ ಇಲ್ಲದಿದ್ರೆ ಪ್ರೂಫ್ ನೋಡುವವರು ಎಲ್ಲಿಂದ ತಯಾರಾಗುದು? ಇದಕ್ಕೆ ಆ ಸಾಫ್ಟ್‌ವೇರ್ ರಿವ್ಯೂಗಳಲ್ಲಿ ಉತ್ತರ ಸಿಗ್ಲಿಲ್ಲ, ನನ್ನ ಹತ್ರವೂ ಇಲ್ಲ.

ನಾನು ಮಾಡಿದ್ದು ಎಂತ ಅಂದ್ರೆ ರೇಟ್ ಬೋರ್ಡ್ ಬದಲಿಸಿದ್ದು. ಟೈಪಿಂಗ್ ರೇಟ್ ಇಳಿಸಿದೆ, ಚೆಕಿಂಗ್ ಅಂತ ಹೊಸ ಲೈನ್ ಹಾಕಿದೆ, ಪುಟಕ್ಕೆ ಇಷ್ಟು ಅಂತ. ಸುರುವಿಗೆ "ಓದ್ಲಿಕ್ಕೂ ದುಡ್ಡಾ ಅಕ್ಕ" ಅಂತ ನೆಗಾಡಿದವರೇ ಮದುವೆ ಕಾಗದಕ್ಕೆ ಕೊಡ್ತಾರೆ. ಆ್ಯಪಿಗೆ ಐದರಲ್ಲಿ ಮೂರೂವರೆ, ಇಂಗ್ಲಿಷ್ ಲೆಟರಿಗೆ ಮಾತ್ರ ಆದ್ರೆ ಪೂರಾ ಐದು. ನಿಮ್ದೂ ಅಂಗಡಿ ಆದ್ರೆ ಫ್ರೀ ಇರುವಾಗ ಧಾರಾಳ ಉಪಯೋಗಿಸಿ, ಆದ್ರೆ ಆಫರ್ ತಗೊಳ್ಳುವಾಗ ಕಾರ್ಡ್ ಅಥವಾ ಯುಪಿಐ ಕೊಟ್ಟಿದ್ರೆ ಫ್ರೀ ಅವಧಿ ಮುಗಿಯುವ ಮೊದ್ಲೇ ಹೋಗಿ ಆಟೋಪೇ ಕ್ಯಾನ್ಸಲ್ ಮಾಡಿ, ಇಲ್ಲದಿದ್ರೆ ತಿಂಗ್ಳು ತಿಂಗ್ಳು ಕಟ್ ಆಗ್ತಾ ಹೋಗ್ತದೆ.