ಮಂಡಿ ನೋವಿಗೆ ಪ್ಯಾಕೇಜ್ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮಮ್ಮನ ಬಲ ಮಂಡಿ ನೋವಿಗೆ 20 ಸಿಟ್ಟಿಂಗ್ ಫಿಸಿಯೋಥೆರಪಿ ಅಂತ ಮೊದಲೇ ಎಂಟು ಸಾವಿರ ಕಟ್ಟಿದ್ದೆ. ಮನೆ ಹತ್ತಿರ ಇದೆ, ಬೋರ್ಡ್ ದೊಡ್ಡದಿದೆ ಅನ್ನೋದು ಬಿಟ್ಟರೆ ಅಲ್ಲಿಗೆ ಹೋಗೋಕೆ ಬೇರೆ ಕಾರಣ ಇರಲಿಲ್ಲ. ತಪ್ಪು ನನ್ನದೂ ಇದೆ.

ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿ ನೋವು?" ಅಮ್ಮ ಮಂಡಿ ತೋರಿಸಿದರು. ಎರಡು ವರ್ಷ ಹಳೆಯ ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಸವೆತ" ಅಂದರು. ಪರದೆ ಎಳೆದು ಮಂಡಿಗೆ ಬಿಸಿ ಪ್ಯಾಕ್, ಆಮೇಲೆ ಕರೆಂಟ್, ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ನೋವಿಗೆ ಅಂತ ಕೊಡೋ ಶಬ್ದತರಂಗ). ಮಷಿನ್ ಆನ್ ಮಾಡಿ ಹುಡುಗ ಪಕ್ಕದ ಮಂಚಕ್ಕೆ ಹೋಗಿಬಿಡೋನು. ದಿನಾ ಅದೇ. ಅಮ್ಮ ನಡೆಯೋದನ್ನು ಒಬ್ಬರೂ ನೋಡಲಿಲ್ಲ. ಮನೆ ಸೇರೋವರೆಗೆ ಹಾಯೆನಿಸುತ್ತಿತ್ತು, ರಾತ್ರಿಗೆ ಮತ್ತೆ ಯಥಾಪ್ರಕಾರ. ಹದಿನೇಳನೇ ದಿನ ಅಮ್ಮನಿಗೆ ಬಸ್ ಮೆಟ್ಟಿಲು ಹತ್ತೋಕಾಗಲಿಲ್ಲ.

ತಂಗಿ ಜಗಳ ಆಡಿ ಬೇರೆ ಫಿಸಿಯೋ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿನ ಮೇಡಂ ಹಳೇ ಕೇಸ್ ಶೀಟ್ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಹದಿನೇಳು ಟಿಕ್ ಹಾಕಿದ ಹಳದಿ ಕಾರ್ಡು.

ಅರ್ಧ ಗಂಟೆ ಅವರು ಯಾವ ಮಷಿನ್ನನ್ನೂ ಮುಟ್ಟಲಿಲ್ಲ. ನೋವು ಯಾವಾಗ ಶುರುವಾಯಿತು, ಬಿದ್ದಿದ್ದಿರಾ, ಶುಗರ್ ಇದೆಯಾ, ರಾತ್ರಿ ನೋವಿಗೆ ಎಚ್ಚರ ಆಗುತ್ತಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ಮೂತ್ರ ಹಿಡಿದುಕೊಳ್ಳೋಕಾಗುತ್ತಾ. ಮಂಡಿಗೂ ಮೂತ್ರಕ್ಕೂ ಏನು ಸಂಬಂಧ ಅಂತ ನಾನು ಕೇಳಿಯೇಬಿಟ್ಟೆ. ಕಾಲು ನೋವಿನ ಮೂಲ ಬೆನ್ನಲ್ಲೂ ಇರಬಹುದಂತೆ. ಬೆನ್ನು ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ ಫಿಸಿಯೋ ಅಲ್ಲ, ಆವತ್ತೇ ಆಸ್ಪತ್ರೆಗೆ ಓಡಬೇಕಂತೆ.

ಆಮೇಲೆ ಅಮ್ಮನ ಪಾದ ನೋಡಿದರು. "ಅಮ್ಮ, ಎಡಗಾಲಿನ ಉಗುರು ಕತ್ತರಿಸಿದ್ದೀರಿ, ಬಲಗಾಲಿಂದು ಯಾಕೆ ಬಿಟ್ಟಿದ್ದೀರಿ?"

"ಕೈಗೆ ಎಟುಕಲ್ಲ ಕಣಮ್ಮ."

ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ನಡೆಸಿ ನೋಡಿದರು, ಬಲಗಾಲು ಊರಿದಾಗ ಮೈ ಬಲಕ್ಕೆ ವಾಲುತ್ತಿತ್ತು. ಮಲಗಿಸಿ ಮಂಡಿ ಒತ್ತಿದರು, ಮಡಚಿದರು, ಅಮ್ಮ ಸುಮ್ಮನಿದ್ದರು. ಆಮೇಲೆ ತೊಡೆ ಎತ್ತಿ ಹಿಡಿದು ಪಾದವನ್ನು ಹೊರಕ್ಕೆ ತಿರುಗಿಸಿದರು. ಎಡಗಾಲು ಸಲೀಸಾಗಿ ತಿರುಗಿತು. ಬಲಗಾಲು ತಿರುಗಲೇ ಇಲ್ಲ, ಅಮ್ಮ "ಅಯ್ಯೋ" ಅಂತ ಹಿಡಿದುಕೊಂಡದ್ದು ಮಂಡಿಯನ್ನು! ತೊಂದರೆ ಸೊಂಟದ ಕೀಲಿನದು, ಅಂದರೆ ತೊಡೆ ಸೊಂಟಕ್ಕೆ ಸೇರುವ ಜಾಗದ್ದು ಇರಬಹುದು ಅಂದರು. ಆ ಕೀಲಿಗೂ ಮಂಡಿಗೂ ಹೋಗುವ ಕೆಲವು ನರಗಳು ಒಂದೇ ಆಗಿರೋದರಿಂದ ಅಲ್ಲಿನ ನೋವು ಇಲ್ಲಿ ಕಾಣಿಸಿಕೊಳ್ಳಬಹುದಂತೆ. ಹಾಗಂತ ತಾವೇ ತೀರ್ಮಾನ ಮಾಡದೆ ಮೂಳೆ ಡಾಕ್ಟರ ಹತ್ತಿರ ಕಳಿಸಿದರು. ಎಕ್ಸ್‌ರೇಯಲ್ಲಿ ಸವೆತ ಸೊಂಟದ ಕೀಲಿನಲ್ಲೇ ಇತ್ತು.

ಕೀಲು ಎಷ್ಟು ಡಿಗ್ರಿ ತಿರುಗುತ್ತೆ, ಸ್ನಾಯುವಿನ ಬಲ ಸೊನ್ನೆಯಿಂದ ಐದರಲ್ಲಿ ಎಷ್ಟು, ಕೈ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿಗೆ ಎಷ್ಟು ಸಲ ಏಳುತ್ತಾರೆ, ಎಲ್ಲ ಬರೆದುಕೊಂಡರು. ಅಮ್ಮ ಎದ್ದದ್ದು ಆರು ಸಲ. "ನಿಮಗೆ ಏನು ಮಾಡೋಕಾಗಬೇಕು?" ಅಂತ ಕೇಳಿದಾಗ ಅಮ್ಮ ರಂಗೋಲಿ ಅಂದರು. "ಕುಕ್ಕರಗಾಲಲ್ಲಿ ಕೂರಿಸ್ತೀನಿ ಅಂತ ಸುಳ್ಳು ಹೇಳಲ್ಲ, ಬಸ್ ಹತ್ತಿಸೋಕೆ ಪ್ರಯತ್ನ ಮಾಡ್ತೀನಿ" ಅಂದರು ಮೇಡಂ. ಮೂರೇ ವ್ಯಾಯಾಮ. ಕೋಲು ಎಡಗೈಗೆ, ನಾವು ಇಷ್ಟು ದಿನ ಬಲಗೈಗೆ ಕೊಟ್ಟಿದ್ದೆವು. ಎರಡು ವಾರಕ್ಕೆ ಮತ್ತೆ ಅಳತೆ, ಅದನ್ನು ನೋಡಿ ವ್ಯಾಯಾಮ ಬದಲು. ಆರು ವಾರಕ್ಕೆ ಹತ್ತು ಸಲ ಏಳುತ್ತಿದ್ದಾರೆ. ಸವೆದದ್ದು ವಾಪಸ್ ಬರಲ್ಲ, ಆದರೆ ಬಸ್ ಹತ್ತುತ್ತಾರೆ.

ಎಲ್ಲಾದರೂ ಮೈ ಮುಟ್ಟಿ ನೋಡದೆ, ನಡೆಸಿ ನೋಡದೆ "ಹತ್ತು ದಿನ ಬನ್ನಿ" ಅಂದರೆ, ಆ ಲೆಕ್ಕ ಎಲ್ಲಿಂದ ಬಂತು ಅಂತ ದಯವಿಟ್ಟು ಕೇಳಿ. ಮಧ್ಯೆ ಯಾವಾಗ ಅಳೆದು ನೋಡ್ತೀರಿ ಅಂತಲೂ ಕೇಳಿ. ನಾನು ಕೇಳಲಿಲ್ಲ. ಮೊದಲಿನವರಿಂದ ಈಗಲೂ ಫೋನ್ ಬರುತ್ತೆ, "ಸರ್, ಅಮ್ಮಂದು ಇನ್ನೂ ಮೂರು ಸಿಟ್ಟಿಂಗ್ ಬಾಕಿ ಇದೆ, ಯಾವಾಗ ಬರ್ತೀರಿ?"