ಪ್ಲೋವ್‌ಡಿವ್ ಅಕಾಡೆಮಿಯ ಜನಪದ ಕಾಯಿರ್: ಹಾಡು ಕಲಿಸುವವರೆಲ್ಲ ಒಮ್ಮೆ ಕೇಳಬೇಕು

ಹಳ್ಳಿ ದನಿಯನ್ನು ಕಾಲೇಜಿಗೆ ಕರೆತಂದರೂ ಅದರ ಖಾರ ಹೋಗದ ಹಾಗೆ ಬೆಳೆಸಬಹುದು. ಈ ಹುಡುಗಿಯರ ಹಾಡು ಕೇಳಿದ ಮೇಲೆ ನನಗೆ ಆ ನಂಬಿಕೆ ಬಂದಿದೆ. ಇವರು ಬಲ್ಗೇರಿಯಾದ ಪ್ಲೋವ್‌ಡಿವ್ ಊರಿನ ಸಂಗೀತ, ನೃತ್ಯ ಮತ್ತು ಲಲಿತಕಲೆಗಳ ಅಕಾಡೆಮಿಯ ಕಾಯಿರ್, ಅಂದರೆ ಗುಂಪಾಗಿ ಹಾಡುವ ಮೇಳದವರು. ಕಛೇರಿಗಳ ವಿಡಿಯೋ ಯೂಟ್ಯೂಬ್‌ನಲ್ಲಿ ಸಿಗುತ್ತವೆ, ದುಡ್ಡೇನೂ ಕೊಡಬೇಕಿಲ್ಲ. ನಾನು ಗಂಗಾವತಿಯಲ್ಲಿ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಐದು ಸ್ಟಾರ್‌ಗೆ ನಾಲ್ಕೂವರೆ ಕೊಡುತ್ತೇನೆ.

ಮೊದಲು ಆ ದನಿಯ ಬಗ್ಗೆ ಹೇಳಬೇಕು. ಸಿನಿಮಾ ಕೋರಸ್ಸಿನ ಹಾಗೆ ಗಾಳಿ ಬೆರೆತ ಮೆತ್ತನೆ ದನಿ ಅಲ್ಲ. ಪೂರ್ತಿ ಬಿಚ್ಚು ಗಂಟಲು. ಎದೆಯಿಂದ ಎದ್ದು, ಹಲ್ಲಿನ ಹತ್ತಿರ ಬಂದು ನೆಟ್ಟಗೆ ಹೊರಗೆ ಹೋಗುತ್ತದೆ. ಸಾಲು ಮುಗಿಯುವಾಗ ಕೆಲವು ಹಾಡುಗಳಲ್ಲಿ ಒಂದು ಸಣ್ಣ ಕೂಗು ಮೇಲಕ್ಕೆ ಹಾರಿ ತಟ್ಟನೆ ನಿಲ್ಲುತ್ತದೆ. ಎಲ್ಲರೂ ಒಂದೇ ಗಳಿಗೆಗೆ ನಿಲ್ಲಿಸುತ್ತಾರೆ. ಆ ಜಾಗವನ್ನು ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ಕೇಳಿ, ಅಷ್ಟು ಚೆನ್ನಾಗಿದೆ.

ಇನ್ನು ಎರಡು ಸ್ವರ ಒಟ್ಟಿಗೆ ಹಿಡಿಯುವ ವಿಚಾರ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಹಾರ್ಮೋನಿಯಂ ಮುಂದೆ ಕೂತು ನೋಡುವುದು ಒಳ್ಳೆಯದು. ಸಾ ಒತ್ತಿ ಹಿಡಿಯಿರಿ. ಅದನ್ನು ಬಿಡದೆ ಪಕ್ಕದ ರೇ ಒತ್ತಿ. ಎರಡೂ ಉಜ್ಜಾಡಿ ಗುಂಯ್‌ಗುಂಯ್ ಅಂತ ನಡುಗುತ್ತವೆ. ನಮ್ಮಲ್ಲಿ ಯಾರಾದರೂ ಹಾಗೆ ಬಾರಿಸಿದರೆ ಕೈ ತಪ್ಪಿತು ಅಂತೀವಿ, ಅಲ್ವಾ? ಬಲ್ಗೇರಿಯಾದ ಪಶ್ಚಿಮ ಭಾಗದಲ್ಲಿ, ರಾಜಧಾನಿ ಸೋಫಿಯಾ ಸುತ್ತಿನ ಶೋಪ್ ಸೀಮೆಯಲ್ಲಿ ಹೆಂಗಸರು ಬೇಕಂತಲೇ ಹಾಗೆ ಹಾಡುತ್ತಾರೆ. ಒಬ್ಬಳು ಪದ ಎತ್ತಿಕೊಂಡರೆ ಉಳಿದವರು ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಎತ್ತಿದವಳು ಇಳಿದು ಬಂದು ಆ ಸ್ವರದ ಪಕ್ಕದಲ್ಲೇ ಕೂರುತ್ತಾಳೆ, ಅದರೊಳಗೆ ಸೇರಿಕೊಳ್ಳುವುದಿಲ್ಲ. ಆಗ ಎರಡು ದನಿ ಸೇರಿ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಸೋಫಿಯಾ ಹತ್ತಿರದ ಬಿಸ್ತ್ರಿತ್ಸಾ ಹಳ್ಳಿಯ ಅಜ್ಜಿಯರ ಇಂಥ ಹಾಡಿಕೆಯನ್ನು ಯುನೆಸ್ಕೋ 2005ರಲ್ಲೇ ಗುರುತಿಸಿತ್ತು.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಅರ್ಧ ನಿಮಿಷ ಕೇಳಿ, ‘ಅಕ್ಕಾರ, ಇವ್ರು ಬೇಸೂರ ಹಾಡಾಕತ್ತಾರಲ್ರೀ’ ಅಂದಳು. ನಾನು ಹಾರ್ಮೋನಿಯಂ ಮೇಲೆ ಎರಡೂ ಮನೆ ಒತ್ತಿ ತೋರಿಸಿದೆ. ಆಮೇಲೆ ಇಬ್ಬರನ್ನು ಸಾ ಮೇಲೆ ನಿಲ್ಲಿಸಿ, ಅವಳಿಗೆ ರೇ ಹಿಡಿ ಅಂದೆ. ಅವಳು ಪದೇ ಪದೇ ಜಾರಿ ಸಾ ಮೇಲೇ ಬೀಳುತ್ತಿದ್ದಳು. ಪಕ್ಕದಲ್ಲೇ ನಿಂತು ಬೇರೆಯಾಗಿ ಇರುವುದು ಎಷ್ಟು ಕಷ್ಟ ಅಂತ ಅವತ್ತು ಎಲ್ಲರಿಗೂ ತಿಳಿಯಿತು. ಈ ಕಾಯಿರ್ ಅದನ್ನು ಇಡೀ ಹಾಡಿನುದ್ದಕ್ಕೂ, ಒಬ್ಬರೂ ಅಲುಗದೆ ಮಾಡುತ್ತದೆ. ಪಕ್ಕವಾದ್ಯ ಕೂಡ ಇಲ್ಲದೆ!

ಕಾಯಿರ್ ಹಾಡುವ ಈ ಬಗೆಗೆ ಒಂದು ಹಿನ್ನೆಲೆ ಇದೆ. 1951ರಲ್ಲಿ ಫಿಲಿಪ್ ಕುತೆವ್ ಅನ್ನುವ ಸಂಗೀತಗಾರ ಹಳ್ಳಿಗಳಿಂದ ಹಾಡುಗಾರ್ತಿಯರನ್ನು ಸೇರಿಸಿ ಸರ್ಕಾರಿ ಮೇಳ ಕಟ್ಟಿದರು. ಹಳ್ಳಿ ಪದಗಳನ್ನು ನಾಲ್ಕಾರು ದನಿಗೆ ಹಂಚಿ ಬರೆದರು. ಮರುವರ್ಷ ರೇಡಿಯೋದವರೂ ಹೆಣ್ಣುಮಕ್ಕಳ ಕಾಯಿರ್ ಶುರು ಮಾಡಿದರು. ಆ ದನಿಗಳನ್ನು ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಸೆಲಿಯೇ 1975ರಲ್ಲಿ ಆಲ್ಬಮ್ ಆಗಿ ತಂದು ಹೊರಜಗತ್ತಿಗೆ ಮುಟ್ಟಿಸಿದರು. ಅದರ ಎರಡನೇ ಸಂಪುಟಕ್ಕೆ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಪ್ಲೋವ್‌ಡಿವ್ ಅಕಾಡೆಮಿ ಈ ದಾರಿಯನ್ನು ಪಾಠಪಟ್ಟಿಯೊಳಗೆ ತಂದಿದೆ. ಅಲ್ಲಿ ಗೈಡಾ, ಕವಾಲ್, ಗದುಲ್ಕಾ ಅನ್ನುವ ಜನಪದ ವಾದ್ಯ ಬಾರಿಸುವುದನ್ನೂ, ಜನಪದ ಹಾಡುವುದನ್ನೂ ಡಿಗ್ರಿಗೆ ಓದುತ್ತಾರೆ.

ನನ್ನ ಮನಸ್ಸು ನಿಂತಿದ್ದು ಇಲ್ಲಿಯೇ. ಬಲ್ಗೇರಿಯಾದ ಜನಸಂಖ್ಯೆ ಸುಮಾರು 65 ಲಕ್ಷ. 2011ರ ಗಣತಿಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಕೂಡಿದರೆ 57 ಲಕ್ಷ ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ನಮ್ಮಷ್ಟೇ ಜನ. ನಮ್ಮಲ್ಲಿ ದನಿ ಇಲ್ವಾ? ದರೋಜಿ ಈರಮ್ಮ ಬುರ್ರಕಥೆ ಹಾಡಿದ ರೆಕಾರ್ಡಿಂಗ್ ಹುಡುಕಿ ಕೇಳಿ, ಆ ಗಂಟಲಿನ ಕಸುವು ನೋಡಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟು ಗೌರವಿಸಿತು, ಒಳ್ಳೆಯ ಕೆಲಸ. ಆದರೆ ಅಂಥ ಗಂಟಲನ್ನು ಹುಡುಗಿಯರಲ್ಲಿ ಬೆಳೆಸುವ ಕ್ಲಾಸು ಊರೂರಿಗೆ ಬೇಕು. ಒಂದು ಸ್ಪರ್ಧೆಯಲ್ಲಿ ನಮ್ಮ ಹುಡುಗಿಯರು ಸೋಬಾನೆ ಪದ ಬಾಯಿಬಿಟ್ಟು ಹಾಡಿದರು. ತೀರ್ಪುಗಾರರು ‘ಕಿರುಚಬೇಡಿ, ಸ್ವಲ್ಪ ಮೃದು ಮಾಡಿ’ ಅಂದುಬಿಟ್ಟರು. ಮುಂದಿನ ವಾರ ಮಕ್ಕಳು ಅರ್ಧ ದನಿಯಲ್ಲಿ ಹಾಡಿದರು. ಆ ಬೇಜಾರು ಇನ್ನೂ ಹೋಗಿಲ್ಲ.

ಅದಕ್ಕೇ ಈ ವಿಡಿಯೋ ಹಾಕಿ ತೋರಿಸಿದೆ. ಆಮೇಲೆ ಮಾಳಿಗೆ ಮೇಲೆ ಕರೆದುಕೊಂಡು ಹೋಗಿ, ಆಚೆ ಗದ್ದೆಯಲ್ಲಿ ನೆಲ್ಲು ಹಚ್ಚುತ್ತಿರುವ ಅವ್ವನನ್ನು ಕೂಗಿ ಕರೀರಿ, ಆ ಕೂಗಿನಲ್ಲೇ ಪದ ಎತ್ತಿಕೊಳ್ಳಿ ಅಂದೆ. ಹೊಟ್ಟೆಯಿಂದ ಉಸಿರು ಬಂತು, ಹೆಗಲು ಏರಲಿಲ್ಲ, ಕುತ್ತಿಗೆಯ ನರ ಬಿಗಿಯಲಿಲ್ಲ. ಕಿರುಚುವುದಕ್ಕೂ ಬಿಚ್ಚು ಗಂಟಲಿಗೂ ಇರುವ ಫರಕು ಅದೇ. ಯಾರಿಗೂ ಗಂಟಲು ನೋಯಲಿಲ್ಲ.

ತಾಳದವರಿಗೂ ಇಲ್ಲಿ ಬೇಕಾದಷ್ಟಿದೆ. ಅವರ ರಚೆನಿತ್ಸಾ ಅನ್ನುವ ಕುಣಿತದ ತಾಳ ಏಳು ಮಾತ್ರೆಯದು: ಎರಡು, ಎರಡು, ಮೂರು. ತಬಲಾದವರು ರೂಪಕವನ್ನು ಮೂರು, ಎರಡು, ಎರಡು ಅಂತ ಎಣಿಸುತ್ತಾರೆ, ಇಲ್ಲಿ ಆ ಮೂರು ಕೊನೆಗೆ ಬರುತ್ತದೆ. ತಕ ತಕ ತಕಿಟ ಅಂತ ಹೇಳಿಕೊಟ್ಟರೆ ಸಣ್ಣ ಮಕ್ಕಳೂ ಹಿಡಿಯುತ್ತಾರೆ. ವೇಗ ಮಾತ್ರ ಜಾಸ್ತಿ. ಹನ್ನೊಂದು ಮಾತ್ರೆಯ ಕೊಪಾನಿತ್ಸಾ ಅನ್ನುವ ಇನ್ನೊಂದು ಕುಣಿತದ ತಾಳ ನನ್ನ ಕೈಗೆ ಇನ್ನೂ ಸರಿಯಾಗಿ ಕೂತಿಲ್ಲ, ದಿನಾ ಅಭ್ಯಾಸ ನಡೆದಿದೆ.

ಕೊರತೆ ಹೇಳಬೇಕಲ್ಲ. ನಾನು ನೋಡಿದ ವಿಡಿಯೋಗಳಲ್ಲಿ ಹಾಡಿನ ಅರ್ಥ ಕೊಟ್ಟಿಲ್ಲ, ಹೆಸರೂ ಅವರದೇ ಲಿಪಿಯಲ್ಲಿ. ಮದುವೆ ಪದವೋ, ಸುಗ್ಗಿ ಪದವೋ ತಿಳಿಯದೆ ಕೇಳಬೇಕು. ಹಾಡನ್ನು ಪ್ರೀತಿಸುವವರಿಗೆ ಇದು ಸಣ್ಣ ಕೊರತೆ ಅಲ್ಲ. ಇನ್ನೊಂದು, ಕೆಲವು ಹಾಡುಗಳಲ್ಲಿ ದನಿಯ ಮೇಲೆ ದನಿ ಪೇರಿಸಿ ಮೂಲ ಪದ ಎಲ್ಲಿದೆ ಅಂತ ಹುಡುಕುವ ಹಾಗೆ ಆಗುತ್ತದೆ. ನನಗೆ ಎರಡು ಮೂರು ದನಿಯ ಸರಳ ಪದಗಳೇ ಹೆಚ್ಚು ಇಷ್ಟ. ಅರ್ಧ ಸ್ಟಾರ್ ಹೋದದ್ದು ಇವೆರಡಕ್ಕೆ.

ಫೋನ್ ಸ್ಪೀಕರಿನಲ್ಲಿ ಕೇಳಬೇಡಿ. ಕೆಳಗಿನ ದನಿ ಮಾಯವಾಗಿ ಬರೀ ಚೀರಾಟ ಉಳಿಯುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಕಿವಿ ಒಗ್ಗಿಸಿಕೊಳ್ಳಬೇಕು ಅನ್ನುವವರು ಮೊದಲು ರೊಡೋಪಿ ಬೆಟ್ಟದ ಹಾಡುಗಳಿಂದ ಶುರು ಮಾಡಿ. ಅಲ್ಲಿ ಹೆಚ್ಚಾಗಿ ಒಂಟಿ ದನಿ, ಜೊತೆಗೆ ದಪ್ಪ ಶ್ರುತಿಯ ಕಬಾ ಗೈಡಾ ಅನ್ನುವ ಚೀಲದ ವಾದ್ಯ. ಐದೇ ಸ್ವರದ ಧಾಟಿ ಜಾಸ್ತಿ, ಭೂಪ್, ದುರ್ಗಾ ರಾಗ ಕೇಳಿದ ಕಿವಿಗೆ ಪರಕೀಯ ಅನ್ನಿಸುವುದಿಲ್ಲ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ ಚಿನ್ನದ ರೆಕಾರ್ಡಿನಲ್ಲಿ ಬಲ್ಗೇರಿಯಾದ ಹಾಡುಗಾರ್ತಿ ವಾಲ್ಯಾ ಬಾಲ್ಕಾನ್‌ಸ್ಕಾ ಹಾಡಿದ ರೊಡೋಪಿ ಪದ ಇದೆ. ಅದರಲ್ಲೇ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ರಾಗದ ಹಾಡೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಆಮೇಲೆ ಪ್ಲೋವ್‌ಡಿವ್ ಹುಡುಗಿಯರ ಕಡೆ ಬನ್ನಿ.