ಎಂ.ಎಸ್ಸಿ. ನರ್ಸಿಂಗ್: ಹಾಸನದಲ್ಲೇ ಓದುವುದೋ, ಬೆಂಗಳೂರು–ಮಂಗಳೂರಿಗೆ ಹೋಗುವುದೋ?

ಪಾಠ ಮಾಡುವ ಕಡೆಗೆ ಮನಸ್ಸಿರುವ ಹಾಸನ, ಚಿಕ್ಕಮಗಳೂರು ಕಡೆಯ ಸ್ಟಾಫ್ ನರ್ಸುಗಳು ಮೊದಲು ಕೇಳುವುದು ಇದನ್ನೇ. ಎರಡೂ ಕಡೆ ಓದಿ ಈಗ ಬಿ.ಎಸ್ಸಿ., ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ತರಗತಿಗಳನ್ನು ತೆಗೆದುಕೊಳ್ಳುತ್ತಿರುವ ನಮ್ಮ ಉತ್ತರ: ಮೊದಲು ಸ್ಪೆಷಾಲಿಟಿ (ಎಂ.ಎಸ್ಸಿ.ಯಲ್ಲಿ ಆರಿಸಿಕೊಳ್ಳುವ ವಿಭಾಗ) ಗೊತ್ತುಮಾಡಿಕೊಳ್ಳಿ, ಊರು ಆಮೇಲೆ. ಕಾಲೇಜಿನ ಹೆಸರಿಗಿಂತ ವಾರ್ಡು ಮತ್ತು ಪ್ರಬಂಧಕ್ಕೆ ದಾರಿ ತೋರಿಸುವ ಗೈಡ್ ಮುಖ್ಯ.

ಸೇರುವ ಅರ್ಹತೆ ಎಲ್ಲಿ ಹೋದರೂ ಒಂದೇ. ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವಂತೆ ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್ ಆಗಿರಬೇಕು, ಬಿ.ಎಸ್ಸಿ. ಅಥವಾ (ಜಿ.ಎನ್.ಎಂ. ಆದವರು ಓದುವ) ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಲ್ಲಿ ಒಟ್ಟು 55% ಅಂಕ ಬೇಕು, ಜೊತೆಗೆ ಒಂದು ವರ್ಷದ ಕೆಲಸದ ಅನುಭವ. ಅರ್ಜಿಗಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಈ ಅನುಭವ ಪತ್ರದಲ್ಲೇ. ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ವಾರ್ಡು ನಾಲ್ಕೂ ಅದರಲ್ಲಿ ಇರಲಿ. 'ಒಂದು ವರ್ಷ ಸೇವೆ ಸಲ್ಲಿಸಿದ್ದಾರೆ' ಎಂಬ ಒಂದೇ ಸಾಲಿನ ಪತ್ರ ಹಿಡಿದು ಹೋದರೆ ಪರಿಶೀಲನೆಯ ದಿನ ಓಡಾಟ ತಪ್ಪುವುದಿಲ್ಲ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳು, ತಾವೇ ಪದವಿ ಕೊಡುವ ನಿಮ್ಹಾನ್ಸ್‌ನಂಥ ಸಂಸ್ಥೆಗಳನ್ನು ಬಿಟ್ಟರೆ, ಹಾಸನದಲ್ಲಿ ಓದಿದರೂ ಬೆಂಗಳೂರಿನಲ್ಲಿ ಓದಿದರೂ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ. ಪ್ರಶ್ನೆಪತ್ರಿಕೆಯೂ ಅದೇ.

ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಗಂಟೆಗಳ ಲೆಕ್ಕ ನೋಡಬೇಕು. ಮೊದಲ ವರ್ಷ ನರ್ಸಿಂಗ್ ಎಜುಕೇಶನ್‌ಗೆ 150 ಗಂಟೆ ಥಿಯರಿ, 150 ಗಂಟೆ ಪ್ರಾಕ್ಟಿಕಲ್. ಸ್ಪೆಷಾಲಿಟಿಗೆ 150 ಗಂಟೆ ಥಿಯರಿ, 650 ಗಂಟೆ ವಾರ್ಡು. ಎರಡನೇ ವರ್ಷ ಸ್ಪೆಷಾಲಿಟಿಯ ವಾರ್ಡೇ 950 ಗಂಟೆ, ಪ್ರಬಂಧಕ್ಕೆ 300 ಗಂಟೆ. ಅಂದರೆ ಎರಡು ವರ್ಷದಲ್ಲಿ 1600 ಗಂಟೆ ನೀವು ಆರಿಸಿಕೊಂಡ ಸ್ಪೆಷಾಲಿಟಿಯ ರೋಗಿಗಳ ಜೊತೆ ಕಳೆಯುತ್ತೀರಿ. ಆ ರೋಗಿಗಳೇ ಇಲ್ಲದ ಕಡೆ ಸೀಟು ತೆಗೆದುಕೊಂಡರೆ ಲಾಗ್ ಬುಕ್ ತುಂಬುತ್ತದೆ, ಕೈ ಪಳಗುವುದಿಲ್ಲ. ನಾಳೆ ಬೆಡ್ ಪಕ್ಕ ನಿಂತು ಕಲಿಸುವಾಗ ವಿದ್ಯಾರ್ಥಿಗಳಿಗೆ ಅದು ಗೊತ್ತಾಗಿಬಿಡುತ್ತದೆ.

ಕಮ್ಯುನಿಟಿ ಹೆಲ್ತ್ ಆದರೆ ಹಾಸನ ಬಿಟ್ಟು ಹೋಗಬೇಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇವೆ. ಬಯಲುಸೀಮೆಯ ಅರಸೀಕೆರೆಯಿಂದ ಮಲೆನಾಡಿನ ಸಕಲೇಶಪುರದವರೆಗೆ ಒಂದೇ ಜಿಲ್ಲೆಯಲ್ಲಿ ಎರಡು ಥರದ ಜನಜೀವನ ಸಿಗುತ್ತದೆ. ಪಕ್ಕದ ಮೂಡಿಗೆರೆಯಲ್ಲಿ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳು; ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಗೆ ಮುಂಚೆಯೇ ಶುರುವಾಗುವ ಮಂಗನ ಕಾಯಿಲೆಯ ಕಾವಲು. ಬೆಂಗಳೂರಿನ ಕಾಲೇಜುಗಳೂ ಹಳ್ಳಿಗೆ ಪೋಸ್ಟಿಂಗ್ ಹಾಕುತ್ತವೆ. ಆದರೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸಾಗುವವರಿಗೆ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ತಿರುಗುವ ಸಲುಗೆ ಬರುವುದಿಲ್ಲ.

ಸೈಕಿಯಾಟ್ರಿಕ್ ನರ್ಸಿಂಗ್‌ಗೆ ಇದಕ್ಕೆ ತದ್ವಿರುದ್ಧ. ಜಿಲ್ಲಾ ಮಟ್ಟದಲ್ಲಿ ಓದಿದರೆ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಕೆಲವು ವಾರ ಕಳಿಸುತ್ತಾರೆ. ಅಷ್ಟರಲ್ಲಿ ಮೆಂಟಲ್ ಸ್ಟೇಟಸ್ ಎಕ್ಸಾಮಿನೇಶನ್, ಪ್ರೊಸೆಸ್ ರೆಕಾರ್ಡಿಂಗ್ (ರೋಗಿಯ ಜೊತೆಗಿನ ಮಾತುಕತೆಯ ದಾಖಲೆ), ಇಸಿಟಿ (ವಿದ್ಯುತ್ ಚಿಕಿತ್ಸೆ) ಎಲ್ಲವನ್ನೂ ಅವಸರದಲ್ಲಿ ಮುಗಿಸಬೇಕು. ಒಬ್ಬ ರೋಗಿಯನ್ನು ಭರ್ತಿಯಿಂದ ಬಿಡುಗಡೆಯವರೆಗೆ ಅನುಸರಿಸಲು ಆಗುವುದೇ ಇಲ್ಲ. ನಿಮ್ಹಾನ್ಸ್‌ನಲ್ಲೇ ಸೈಕಿಯಾಟ್ರಿಕ್ ಎಂ.ಎಸ್ಸಿ. ಇದೆ. ಪ್ರವೇಶ ಪರೀಕ್ಷೆ ಕಷ್ಟ, ಆದರೆ ಒಂದು ವರ್ಷ ಕಾದರೂ ಸರಿ, ಬರೆದು ನೋಡಿ.

ಮೆಡಿಕಲ್ ಸರ್ಜಿಕಲ್‌ನಲ್ಲಿ ಉಪವಿಭಾಗ ನೋಡಬೇಕು. ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ನರರೋಗ ಬೇಕಾದರೆ ಬೆಂಗಳೂರು. ಜಯದೇವ, ಕಿದ್ವಾಯಿ ಇರುವ ಊರಿನಲ್ಲಿ ನೋಡಿದ್ದು ಬೇರೆ ಕಡೆ ನೋಡಲು ಆಗುವುದಿಲ್ಲ. ಒಬಿಜಿಗೆ (ಹೆರಿಗೆ ಮತ್ತು ಸ್ತ್ರೀರೋಗ) ಹಾಸನ ಸಾಕಷ್ಟಾಯಿತು. ತಾಲ್ಲೂಕುಗಳಿಂದ ರೆಫರ್ ಆದ ಹೆರಿಗೆಗಳು ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ ಬರುತ್ತವೆ. ತೊಂದರೆ ಎಂದರೆ ಒಂದೇ ಲೇಬರ್ ರೂಮಿನಲ್ಲಿ ಎಂಬಿಬಿಎಸ್ ಇಂಟರ್ನ್‌ಗಳು, ಬಿ.ಎಸ್ಸಿ., ಜಿ.ಎನ್.ಎಂ. ವಿದ್ಯಾರ್ಥಿಗಳು ಎಲ್ಲರೂ ಕೇಸಿಗೆ ಕಾಯುತ್ತಾರೆ. ನೈಟ್ ಡ್ಯೂಟಿ ಕೇಳಿ ಹಾಕಿಸಿಕೊಂಡವರಿಗೆ ಕೇಸು ಸಿಗುತ್ತವೆ. ಪೀಡಿಯಾಟ್ರಿಕ್ಸ್‌ಗೆ ನವಜಾತ ಶಿಶುಗಳ ಘಟಕ ಎಷ್ಟು ಬೆಡ್ಡಿನದು, ಪಿಜಿಗಳನ್ನು (ಎಂ.ಎಸ್ಸಿ. ವಿದ್ಯಾರ್ಥಿಗಳನ್ನು) ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿಕೊಂಡರೆ ಸಾಕು.

ಪಾಠ ಮಾಡುವ ಅಭ್ಯಾಸ ಎಲ್ಲಿ ಚೆನ್ನಾಗಿ ಆಗುತ್ತದೆ? ನಮ್ಮ ಲೆಕ್ಕದಲ್ಲಿ ಸಣ್ಣ ಊರಿನಲ್ಲಿ. ದೊಡ್ಡ ಕಾಲೇಜಿನಲ್ಲಿ ಐದು ಸ್ಪೆಷಾಲಿಟಿಯ ಪಿಜಿಗಳಿಗೂ ಅವೇ ಬಿ.ಎಸ್ಸಿ. ತರಗತಿಗಳು, ಹಾಗಾಗಿ ನಿಮ್ಮ ಸರದಿ ಬರುವಾಗ ಟೈಮ್ ಟೇಬಲ್‌ನಲ್ಲಿ ಜಾಗವೇ ಇರುವುದಿಲ್ಲ. ಇಲ್ಲಿ ಪಿಜಿಗಳು ಕಡಿಮೆ, ತರಗತಿ ಕೈಗೆ ಸಿಗುತ್ತದೆ. ಇನ್ನೊಂದು, ಇಲ್ಲಿನ ಜಿ.ಎನ್.ಎಂ. ಮಕ್ಕಳಲ್ಲಿ ಕನ್ನಡ ಮಾಧ್ಯಮದವರು ಹೆಚ್ಚು. ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ, ಅರ್ಥವಾಗುವುದು ಕನ್ನಡದಲ್ಲಿ. ಎರಡನ್ನೂ ಬೆರೆಸಿ ಪಾಠ ಮಾಡುವ ಕಲೆ ಕೇರಳದ, ಈಶಾನ್ಯದ ವಿದ್ಯಾರ್ಥಿಗಳೇ ತುಂಬಿರುವ ಬೆಂಗಳೂರಿನ ತರಗತಿಯಲ್ಲಿ ಬರುವುದಿಲ್ಲ. ಹೊರ ರಾಜ್ಯದಲ್ಲಿ ಕೆಲಸ ಹುಡುಕುವವರಿಗೆ ಮಾತ್ರ ಈ ಮಾತು ತಿರುವುಮುರುವು.

ಎಲ್ಲೇ ಓದಿದರೂ ಲೆಸನ್ ಪ್ಲಾನಿನಲ್ಲಿ ಆಗುವ ತಪ್ಪುಗಳು ಅವೇ. ಸಮಯ, ನಿರ್ದಿಷ್ಟ ಉದ್ದೇಶ, ವಿಷಯ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಯ ಚಟುವಟಿಕೆ, ಎವಿ ಏಡ್ಸ್, ಮೌಲ್ಯಮಾಪನ ಎಂಬ ಕಾಲಂಗಳನ್ನು ಎಲ್ಲರೂ ಹಾಕುತ್ತಾರೆ. ಆದರೆ ಉದ್ದೇಶದ ಕಾಲಂನಲ್ಲಿ 'ಮಧುಮೇಹದ ಬಗ್ಗೆ ತಿಳಿದುಕೊಳ್ಳುತ್ತಾರೆ' ಎಂದು ಬರೆದರೆ ಕೊನೆಯ ಕಾಲಂನಲ್ಲಿ ಅಳೆಯುವುದೇನನ್ನು? 'ಹೈಪೊಗ್ಲೈಸೀಮಿಯಾದ ನಾಲ್ಕು ಲಕ್ಷಣಗಳನ್ನು ಪಟ್ಟಿ ಮಾಡುತ್ತಾರೆ' ಎಂದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. 45 ನಿಮಿಷಕ್ಕೆ ಇಂಥ ಉದ್ದೇಶ ನಾಲ್ಕೈದು ಸಾಕು. ಹತ್ತು ಹಾಕಿದವರ ಪಾಠ ಪ್ಯಾಥೊಫಿಸಿಯಾಲಜಿಯಲ್ಲೇ ನಿಂತು, ನರ್ಸಿಂಗ್ ಮ್ಯಾನೇಜ್‌ಮೆಂಟ್ ಕೊನೆಯ ಮೂರು ನಿಮಿಷಕ್ಕೆ ಬರುತ್ತದೆ. ಮೈಕ್ರೊಟೀಚಿಂಗ್‌ನಲ್ಲೂ ಹಾಗೆಯೇ: ಐದು–ಹತ್ತು ನಿಮಿಷ, ಒಂದೇ ಕೌಶಲ, ವಿಮರ್ಶೆ, ಮತ್ತೆ ಯೋಜನೆ, ಮತ್ತೆ ಪಾಠ. ಹಲವು ಕಡೆ ವಿಮರ್ಶೆಗೇ ನಿಲ್ಲಿಸಿಬಿಡುತ್ತಾರೆ. ಎರಡನೇ ಸಲ ಪಾಠ ಮಾಡದಿದ್ದರೆ ಮೊದಲನೆಯದರಿಂದ ಪ್ರಯೋಜನವಿಲ್ಲ.

ಪ್ರಬಂಧದ ವಿಷಯಕ್ಕೆ ಬಂದರೆ ಪೈಪೋಟಿ ಸಮಸಮ. ಬೆಂಗಳೂರಿನಲ್ಲಿ ಸ್ಟ್ಯಾಟಿಸ್ಟಿಶಿಯನ್ ಸಿಗುತ್ತಾರೆ, ಎಥಿಕ್ಸ್ ಕಮಿಟಿ ಬೇಗ ಕೂಡುತ್ತದೆ. ಹಾಸನದಲ್ಲಿ ಸ್ಯಾಂಪಲ್ ಸುಲಭ. ಜರ್ನಲ್‌ಗಳ ಕೊರತೆ ಎಂಬುದು ಈಗ ನೆಪ ಮಾತ್ರ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹೆಲಿನೆಟ್ ಡಿಜಿಟಲ್ ಲೈಬ್ರರಿ ಅದರ ಸಂಯೋಜಿತ ಕಾಲೇಜುಗಳಿಗೂ ಇದೆ. ಲಾಗಿನ್ ಕೇಳಿ ಪಡೆಯಬೇಕು ಅಷ್ಟೆ.

ಎರಡೂ ಕಡೆಯ ಪ್ರಬಂಧಗಳನ್ನು ಕಾಡುವ ರೋಗ ಒಂದಿದೆ: 'ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ'. ಒಂದೇ ಗುಂಪು, ಪ್ರೀ ಟೆಸ್ಟ್, ಪಾಠ, ಏಳನೇ ದಿನ ಅದೇ ಪ್ರಶ್ನೆಗಳ ಪೋಸ್ಟ್ ಟೆಸ್ಟ್. ಅಂಕ ಏರಿಯೇ ಏರುತ್ತದೆ, ಏಕೆಂದರೆ ಅದೇ ಪ್ರಶ್ನೆ ಎರಡನೇ ಸಲ ನೋಡಿದ್ದಾರೆ. ಕಂಟ್ರೋಲ್ ಗುಂಪು ಸೇರಿಸಿದರೆ ಮಾತ್ರ ಪಾಠದಿಂದ ಏರಿತೋ, ಅಭ್ಯಾಸದಿಂದಲೋ ಎಂದು ಹೇಳಬಹುದು. ಹಾಸನದಲ್ಲಿ ಇದು ಸುಲಭ. ಒಂದು ಗುಂಪನ್ನು ಆಲೂರು ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ, ಇನ್ನೊಂದನ್ನು ಚನ್ನರಾಯಪಟ್ಟಣದ ಕಡೆಯಿಂದ ತೆಗೆದುಕೊಂಡರೆ ಇವರು ಕೇಳಿದ ಪಾಠ ಅವರ ಕಿವಿಗೆ ಬೀಳುವುದಿಲ್ಲ. ಎರಡೂ ಊರಿನ ವಯಸ್ಸು, ಓದು, ಕೆಲಸ ಹೋಲುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಟೂಲ್‌ನ (ಪ್ರಬಂಧಕ್ಕೆ ಬಳಸುವ ಪ್ರಶ್ನಾವಳಿ, ಚೆಕ್‌ಲಿಸ್ಟ್) ರಿಲಯಬಿಲಿಟಿ, ಅಂದರೆ ಅದರ ಅಳತೆ ಎಷ್ಟು ನಂಬಬಹುದು ಎಂಬುದರಲ್ಲೂ ವೈವಾದಲ್ಲಿ ಸಿಕ್ಕಿಬೀಳುವವರು ಬಹಳ. ಸರಿ–ತಪ್ಪು ಉತ್ತರದ ಜ್ಞಾನ ಪ್ರಶ್ನಾವಳಿಗೆ ಸ್ಪ್ಲಿಟ್ ಹಾಫ್ ಅಥವಾ ಕೆಆರ್–20, ಒಪ್ಪುತ್ತೇನೆ–ಒಪ್ಪುವುದಿಲ್ಲ ಎಂಬ ಥರದ ಲೈಕರ್ಟ್ ಸ್ಕೇಲಿಗೆ ಕ್ರಾನ್‌ಬ್ಯಾಕ್ ಆಲ್ಫಾ ಎಂಬ ಲೆಕ್ಕ ಹಾಕಬೇಕು. ನೋಡಿ ಗುರುತು ಹಾಕುವ ಚೆಕ್‌ಲಿಸ್ಟಿಗೆ ಇಬ್ಬರು ವೀಕ್ಷಕರ ನಡುವಿನ ಹೊಂದಾಣಿಕೆ ಬೇಕು. ಚೆಕ್‌ಲಿಸ್ಟಿಗೂ ಸ್ಪ್ಲಿಟ್ ಹಾಫ್ ಹಾಕಿದ ಪ್ರಬಂಧಗಳು ಲೈಬ್ರರಿಯಲ್ಲಿ ಸಾಕಷ್ಟಿವೆ, ಅವನ್ನು ನಕಲು ಮಾಡಬೇಡಿ. ಟೂಲ್ ಕನ್ನಡಕ್ಕೆ ತಂದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ. ತೋಟದ ಕೂಲಿಯವರಲ್ಲಿ ಕನ್ನಡ ಬಾರದವರೂ ಇರುತ್ತಾರೆ, ಸ್ಯಾಂಪಲಿನ ಷರತ್ತಿನಲ್ಲೇ ಭಾಷೆ ಬರೆದಿಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಡೇಟಾ ಕಲೆಕ್ಷನ್ ಇಟ್ಟುಕೊಂಡರೆ ಪ್ರೀ ಟೆಸ್ಟಿಗೆ ಬಂದವರು ಪೋಸ್ಟ್ ಟೆಸ್ಟಿಗೆ ಬೇರೆ ತೋಟದಲ್ಲಿರುತ್ತಾರೆ. ಮಳೆಗಾಲ ಕಳೆದ ಮೇಲೆ, ಕೊಯ್ಲಿಗೆ ಮುಂಚೆ ಮುಗಿಸುವುದು ಒಳ್ಳೆಯದು.

ಓಡಾಟದ ಬಗ್ಗೆ ಎರಡೇ ಮಾತು. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಸುಮಾರು 60 ಕಿ.ಮೀ.; ಬೆಳಗಿನ ಶಿಫ್ಟ್ ಇರುವ ದಿನಗಳಲ್ಲಿ ನಿತ್ಯ ಹೋಗಿಬರುವ ಆಸೆ ಬಿಡಿ, ಹಾಸ್ಟೆಲ್ ಹಿಡಿಯಿರಿ. ಮಂಗಳೂರಿನಲ್ಲಿ ಓದುವವರು ಜುಲೈ–ಆಗಸ್ಟಿನಲ್ಲಿ ಶಿರಾಡಿ ಘಾಟಿ ಮುಚ್ಚಬಹುದು ಎಂಬುದನ್ನು ನೆನಪಿಟ್ಟು, ಪರೀಕ್ಷೆಯ ಹಿಂದಿನ ವಾರ ಊರಿಗೆ ಬರದಿರುವುದು ಒಳ್ಳೆಯದು.

ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಎರಡು ವರ್ಷದ ರೆಸಿಡೆನ್ಸಿಯನ್ನೂ ಕೆಲವರು ಇದರ ಜೊತೆ ತೂಗಿ ನೋಡುತ್ತಾರೆ. ಐಸಿಯುನಲ್ಲೇ ಉಳಿಯುವವರಿಗೆ ಅದು ಚೆನ್ನ. ನಾಯಕತ್ವ, ಆಡಳಿತ, ಬೋಧನೆ ಮೂರೂ ಅಲ್ಲಿ ಒಂದೇ ವಿಷಯದೊಳಗೆ ಮುಗಿಯುತ್ತವೆ. ಪಾಠವೇ ಗುರಿಯಾದರೆ ಮಾಮೂಲಿ ಎಂ.ಎಸ್ಸಿ. ಇರಲಿ. ವಿದೇಶಿ ಆನ್‌ಲೈನ್ 'ನರ್ಸ್ ಎಜುಕೇಟರ್' ಪದವಿಯ ಜಾಹೀರಾತಿಗೆ ಮರುಳಾಗಬೇಡಿ, ಇಲ್ಲಿನ ಫ್ಯಾಕಲ್ಟಿ ಹುದ್ದೆಗೆ ಅದು ನಡೆಯುವುದಿಲ್ಲ.

ಬಿ.ಎಸ್ಸಿ. ಆದಮೇಲೆ ನೇರ ಟ್ಯೂಟರ್ ಆಗುವುದೋ, ವಾರ್ಡಿಗೆ ಹೋಗುವುದೋ? ವಾರ್ಡು. ಟ್ಯೂಟರ್ ಕೆಲಸ ಎಂ.ಎಸ್ಸಿ. ಮುಗಿದ ಮೇಲೂ ಸಿಗುತ್ತದೆ, ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಬೇಕಾದ ಬೋಧನಾ ಅನುಭವವನ್ನೂ ಆಮೇಲೆ ಸೇರಿಸಿಕೊಳ್ಳಬಹುದು. ಕೆಲಸಕ್ಕೆ ಸೇರುವಾಗ ಒರಿಜಿನಲ್ ಸರ್ಟಿಫಿಕೇಟುಗಳನ್ನು ತೋರಿಸಿ, ಜೆರಾಕ್ಸ್ ಮಾತ್ರ ಕೊಡಿ. ಒತ್ತೆ ಇಟ್ಟುಕೊಳ್ಳುವ ಕಾಲೇಜಿನಿಂದ ಬಿಡಿಸಿಕೊಳ್ಳುವುದು ದೊಡ್ಡ ಹೋರಾಟ.

ಫೀಸು ಕಟ್ಟುವ ಮುಂಚೆ ಎರಡನೇ ವರ್ಷದ ಪಿಜಿಗಳನ್ನು ಒಬ್ಬರನ್ನಾದರೂ ಮಾತಾಡಿಸಿ. ನಿಮ್ಮ ಸ್ಪೆಷಾಲಿಟಿಯ ಗೈಡ್ ಕಾಲೇಜಿಗೆ ವಾರದಲ್ಲಿ ಎಷ್ಟು ದಿನ ಬರುತ್ತಾರೆ, ಸಿನಾಪ್ಸಿಸ್ (ಪ್ರಬಂಧದ ಪ್ರಸ್ತಾವ) ಎಷ್ಟು ಸಲ ತಿದ್ದಿ ಕೊಟ್ಟರು, ಪಿಜಿಗಳಿಗೆ ಬಿ.ಎಸ್ಸಿ. ತರಗತಿಗಳು ನಿಜಕ್ಕೂ ಸಿಕ್ಕವೇ ಎಂದು ಕೇಳಿ. ಪದವಿ ಬಂದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಎಂ.ಎಸ್ಸಿ.ಯನ್ನು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಲು ತಡಮಾಡಬೇಡಿ. ಕಾಲೇಜಿನ ಇನ್‌ಸ್ಪೆಕ್ಷನ್ ದಿನ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.